ಪ್ರೌಢ ಎಂದು ಬರೆದಿದ್ದ ಕಪಾಟು

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಅಪ್ಪನಿಗೆ ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಕಾಯಂ ರಾತ್ರಿ ಪಾಳಿ. ಊರೆಲ್ಲ ಡಬ್ಬಿ ಹಿಡಿದು ಥಾಣೆ ಸ್ಟೇಷನ್ನಿನ ಕಡೆ ಓಡುವ ಹೊತ್ತಿಗೆ ಅವನೊಬ್ಬ ಎದುರು ದಿಕ್ಕಿನಿಂದ, ಸೋತ ಕಾಲು ಎಳೆಯುತ್ತ, ಕೋಪರಿಯಲ್ಲಿ ಸಾಲು ಕೋಣೆಗಳ ನಮ್ಮ ಚಾಳಿಗೆ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಒಂದೊಂದು ವಾರ ಒಂದೊಂದು ಬಣ್ಣ. ಸ್ನಾನ ಮಾಡಿ, ಆಯಿ ಬಡಿದು ಹಾಕಿದ ಬಿಸಿ ರೊಟ್ಟಿ ತಿಂದು, ಗೋಡೆಗೆ ಮುಖ ಮಾಡಿ ಮಲಗಿದನೆಂದರೆ ಆ ಒಂದೇ ಕೋಣೆಯ ಮನೆ ಪೂರ್ತಿ ಅವನದು. ನಾನೂ ಆಯಿಯೂ ಮೋರಿಯ, ಅಂದರೆ ಕೋಣೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಕಟ್ಟೆಯ, ಪಕ್ಕದ ಚೂರು ಜಾಗದಲ್ಲಿ ಕೂತು ಕಾಳು ಆರಿಸುತ್ತಲೋ ಸೊಪ್ಪು ಬಿಡಿಸುತ್ತಲೋ ಇರುತ್ತಿದ್ದೆವು. ತಾಟಿಗೆ ತಾಟು ತಾಗದ ಹಾಗೆ ತೊಳೆಯುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಚಾಳಿನ ಎಲ್ಲರ ಮನೆಗೂ ಕುಕ್ಕರ್ ಬಂದರೂ ನಮ್ಮ ಮನೆಗೆ ಬರಲಿಲ್ಲ. ಅದು ಸೀಟಿ ಹಾಕಿದರೆ ಮಗನಿಗೆ ಎಚ್ಚರವಾದೀತು ಎಂದು ಆಯಿ ಬೇಳೆಯನ್ನು ಪಾತ್ರೆಯಲ್ಲೇ ಗಂಟೆಗಟ್ಟಲೆ ಕುದಿಸುತ್ತಿದ್ದಳು.

ಆಯಿ ಎಂದರೆ ಅಪ್ಪನ ಅವ್ವ. ವಿಜಯಪುರದ ಕಡೆಯವರಾದ ನಾವು ಅಜ್ಜಿಗೆ ಆಯಿ ಅನ್ನುತ್ತೇವೆ. ಕೋಪರಿಯ ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಒಮ್ಮೆ ಶಾಲೆಯಲ್ಲಿ ಬಾಯಿಯವರು, ಅಂದರೆ ನಮ್ಮ ಮರಾಠಿ ಟೀಚರು, ನಾಳೆ ನಿನ್ನ ಆಯಿಯನ್ನು ಕರೆದುಕೊಂಡು ಬಾ ಎಂದರು. ನಾನು ಕರೆದುಕೊಂಡು ಹೋದೆ. ಕಚ್ಚೆ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಬಿಳಿತಲೆಯ ಮುದುಕಿಯನ್ನು ನೋಡಿ ಬಾಯಿಯವರು ಎದ್ದು ನಿಂತರು. ಆಮೇಲೆ ತಮ್ಮ ಕುರ್ಚಿಯನ್ನೇ ಅವಳತ್ತ ಸರಿಸಿದರು. ಅಂದಿನಿಂದ ಶಾಲೆಯಲ್ಲಿ ನಾನು ತೀರ ವಯಸ್ಸಾದ ತಾಯಿಯ ಮಗಳು. ನಾನೂ ತಿದ್ದಲಿಲ್ಲ. ತಿದ್ದಿದರೆ, ಹಾಗಾದರೆ ತಾಯಿ ಎಲ್ಲಿ ಎಂದು ಕೇಳುತ್ತಾರೆ. ಅವ್ವ ಊರಲ್ಲಿದ್ದಳು. ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ, ಬಿಟ್ಟು ಬರುವ ಹಾಗಿರಲಿಲ್ಲ. ತಮ್ಮ ಸಣ್ಣವನು, ಅವಳ ಹತ್ತಿರ ಉಳಿದ. ಅಪ್ಪನಿಗೆ ಅಡುಗೆ ಮಾಡಿ ಹಾಕಲು ಆಯಿ ಬಂದಳು. ಆಯಿಗೆ ಹೊತ್ತು ಹೋಗಲೆಂದು ನನ್ನನ್ನು ತಂದರು. ಹಾಗೆ ನೋಡಿದರೆ ನಾನು ಆ ಮನೆಗೆ ಬಂದದ್ದು ಜೊತೆಗೆಂದು. ಜೊತೆಗೆ ಬಂದವರಿಗೆ ಜೊತೆ ಯಾರು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಶಾಲೆಯ ಹುಡುಗಿಯರಿಗೆ ನನ್ನ ಮರಾಠಿ ತಮಾಷೆ. ಚಾಳಿನ ಮಕ್ಕಳಿಗೆ ನಮ್ಮ ಮನೆಯ ಬಾಗಿಲಲ್ಲಿ ಗಲಾಟೆ ಮಾಡಿದರೆ ಬೈಗುಳ. ಹಾಗಾಗಿ ನಾನು ಮಾತು ಕಲಿತದ್ದೆಲ್ಲ ಒಬ್ಬ ಮುದುಕಿಯಿಂದ, ಅದೂ ಪಿಸುದನಿಯಲ್ಲಿ. ಹತ್ತು ವರ್ಷದ ನಾನು ಮೊಣಕಾಲು ಹಿಡಿದುಕೊಂಡು, 'ಈ ಸಲ ಚಳಿ ಭಾಳ ಜಬರ್ದಸ್ತ ಐತಿ ನೋಡವಾ' ಅನ್ನುತ್ತಿದ್ದೆನಂತೆ.

ಓದುವುದನ್ನು ಕಲಿಸಿದವನು ಅಪ್ಪ, ಗೋಡೆಯ ಕನ್ನಡ ಕ್ಯಾಲೆಂಡರಿನಿಂದ. ರಜೆಯ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಣ್ಣದ ಉಗುರಿನಿಂದ ಒಂದೊಂದೇ ಅಕ್ಷರ ತೋರಿಸುತ್ತಿದ್ದ. ಅದರಿಂದ ನನಗೆ ಸಂಕಷ್ಟಿ, ಏಕಾದಶಿ, ಅಮಾವಾಸ್ಯೆಗಳನ್ನು ಎಡವದೆ ಓದಲು ಬಂತು. ಒಂದು ವಾಕ್ಯ ಓದಲು ಬರಲಿಲ್ಲ. ಕ್ಯಾಲೆಂಡರಿನಲ್ಲಿ ವಾಕ್ಯಗಳಿರುವುದಿಲ್ಲವಲ್ಲ. ನಾನು ಆಯಿಯ ಮುಂದೆಯೂ ಮರಾಠಿಯಲ್ಲಿ ಉತ್ತರ ಕೊಡಲು ಶುರುಮಾಡಿದಾಗ ಆಯಿ ಅಪ್ಪನ ಬೆನ್ನು ಬಿದ್ದಳು.

"ಹುಡುಗಿ ಕೈ ಬಿಟ್ಟು ಹೊಂಟೈತಿ. ಇಷ್ಟು ದೊಡ್ಡ ಊರಾಗ ಒಂದು ಕನ್ನಡ ಪುಸ್ತಕ ಸಿಗಂಗಿಲ್ಲೇನ?"

ಪುಸ್ತಕವಿದ್ದದ್ದು ವರ್ತಕ ನಗರದಲ್ಲಿ. ಕನ್ನಡದವರ ಒಂದು ಸಣ್ಣ ಸಂಘ ಅಲ್ಲಿ ಒಂದು ಕೋಣೆ ಇಟ್ಟುಕೊಂಡು ಭಾನುವಾರ ಮಾತ್ರ ಮಕ್ಕಳಿಗೆ ಪುಸ್ತಕ ಕೊಡುತ್ತಿತ್ತು. ಅಪ್ಪ ನಿದ್ದೆ ಬಿಟ್ಟು, ಸ್ಟೇಷನ್ನಿನ ಸೇತುವೆ ದಾಟಿಸಿ, ಬಸ್ಸಿನಲ್ಲಿ ನನ್ನನ್ನು ಕರೆದುಕೊಂಡು ಹೋದ. ಕೋಣೆಯ ಗೋಡೆಗುಂಟ ನಾಲ್ಕು ಕಬ್ಬಿಣದ ಕಪಾಟು. ಮೇಲೆ ಬಿಳಿ ಬಣ್ಣದಲ್ಲಿ ದಪ್ಪಕ್ಷರ: ಶಿಶು, ಬಾಲ, ಕಿಶೋರ, ಪ್ರೌಢ. ಅವುಗಳ ಮುಂದೆ ಸ್ಟೂಲಿನ ಮೇಲೆ ಉಪಾಧ್ಯ ಮಾಸ್ತರು. ಉಡುಪಿ ಕಡೆಯವರು, ಯಾವುದೋ ಆಫೀಸಿನಿಂದ ನಿವೃತ್ತರು. ಯಾವ ಮಗುವಿಗೆ ಯಾವ ಪುಸ್ತಕ ಎಂದು ನಿರ್ಧರಿಸುವವರು ಅವರೇ. ವಯಸ್ಸು ಕೇಳುತ್ತಿರಲಿಲ್ಲ. ಒಂದು ಪುಟ ಗಟ್ಟಿಯಾಗಿ ಓದಿಸುವರು. ತಡವರಿಸಿದಾಗೆಲ್ಲ ಒಂದು ಬೆರಳು ಮಡಚುವರು. ಪುಟ ಮುಗಿಯುವ ಮುಂಚೆ ಮುಷ್ಟಿ ಮುಚ್ಚಿತೋ, ಆ ಪುಸ್ತಕ ನಿನಗಲ್ಲ.

"ಕನ್ನಡ ಓದ್ಲಿಕ್ಕೆ ಬರ್ತದಾ ಇವಳಿಗೆ?"

"ಬರ್ತೈತ್ರಿ. ಕ್ಯಾಲೆಂಡರ್ ಪೂರಾ ಓದ್ತಾಳ," ಎಂದ ಅಪ್ಪ, ಹೆಮ್ಮೆಯಿಂದಲೇ.

"ಕ್ಯಾಲೆಂಡರ್ ಓದುದು ಬೇರೆ ಮಾರಾಯ್ರೇ. ಇದನ್ನು ಓದಲಿ ನೋಡುವ."

ಕಿಶೋರದ ಪುಸ್ತಕ ಕೊಟ್ಟರು. ಎರಡನೇ ಸಾಲಿಗೆ ಮುಷ್ಟಿ ಮುಚ್ಚಿತು. ಬಾಲದ್ದು ಕೊಟ್ಟರು, ಅದಕ್ಕೂ ಮುಚ್ಚಿತು. ನಾನು ಪುಸ್ತಕ ನೋಡುವುದು ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದೆ. ಕೊನೆಗೆ ಶಿಶುವಿನ ಕಪಾಟಿನಿಂದ ಅಕ್ಷರಮಾಲೆಯ ಚಿತ್ರದ ಪುಸ್ತಕ ತೆಗೆದು, ಒಂದು ಪುಟ ಬಿಚ್ಚಿ, ಬೆರಳಿಟ್ಟರು.

"ಇದೆಂತದು?"

"ಉಳ್ಳಾಗಡ್ಡಿರಿ."

"ಮೇಲೆ ಅಕ್ಷರ ಯಾವುದುಂಟು?"

"ಈ."

"ಮತ್ತೆ ಉಳ್ಳಾಗಡ್ಡಿ ಎಲ್ಲಿಂದ ಬಂತು? ಈ, ಈರುಳ್ಳಿ."

ಕೋಣೆಯ ಮಕ್ಕಳೆಲ್ಲ ನಕ್ಕರು. ನಾನು ಆ ತನಕ ಈರುಳ್ಳಿ ಎಂಬ ಮಾತನ್ನೇ ಕೇಳಿರಲಿಲ್ಲ. ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದ, ನನ್ನದೇ ವಯಸ್ಸಿನ ಒಬ್ಬ ಹುಡುಗಿ ಮಾತ್ರ ಪುಸ್ತಕದಿಂದ ತಲೆ ಎತ್ತಿ, "ನಮ್ಮನೇಲಿ ಅಮ್ಮ ನೀರುಳ್ಳಿ ಹೇಳುದು ಮಾಮಾ, ಅದಕ್ಕೆಂತ ಮಾಡುದು?" ಎಂದಳು. ಅವಳು ಸುಮನಾ. ಮಾಸ್ತರು ಅವಳನ್ನು ಗದರಿಸಿ, ಶಿಶುವಿನ ಪುಸ್ತಕವನ್ನೇ ನನ್ನ ಕೈಗಿಟ್ಟರು. ವಾಪಸು ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿ ಕೂತ. ಸ್ಟೇಷನ್ ಹತ್ತಿರ ಬಂದಾಗ ಹೊರಗೆ ನೋಡುತ್ತಲೇ, "ಉಳ್ಳಾಗಡ್ಡಿಗೆ ಉಳ್ಳಾಗಡ್ಡಿ ಅನ್ನದ ಮತ್ತೇನ್ ಅಂತಾರ," ಎಂದ. ಅಪ್ಪ ನನ್ನ ಪಕ್ಷ ವಹಿಸಿ ಮಾತಾಡಿದ್ದು ಅಂತ ನೆನಪಿರುವುದು ಅದೊಂದೇ.

ಹೀಗೆ, ಐದನೇ ಕ್ಲಾಸಿನ ನಾನು ಹಾಲುಗಲ್ಲದ ಮಕ್ಕಳ ಪುಸ್ತಕ ತಂದು, ಮಧ್ಯಾಹ್ನ ಆಯಿಯ ಕಿವಿಯ ಹತ್ತಿರ ಕೂತು, ಮಲಗಿದ ಅಪ್ಪನ ಬೆನ್ನನ್ನು ನೋಡುತ್ತ ಸಣ್ಣ ದನಿಯಲ್ಲಿ ಓದತೊಡಗಿದೆ. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕಥೆಯ ವಿಷಯದಲ್ಲಿ ಅವಳನ್ನು ಮೋಸ ಮಾಡುವುದು ಯಾವ ಪುಸ್ತಕಕ್ಕೂ ಸಾಧ್ಯವಿರಲಿಲ್ಲ.

"ಬೆಕ್ಕು ಬಂತು. ಬೆಕ್ಕು ಹಾಲು ಕುಡಿಯಿತು. ಬೆಕ್ಕು ಓಡಿತು."

"ಯಾರ ಮನಿ ಹಾಲು?"

"ಬರದಿಲ್ಲ ಆಯಿ."

"ಹಿಂಡಿದಾವ್ರು ಯಾರು, ಕಾಸಿದಾವ್ರು ಯಾರು, ಮುಚ್ಚಳ ಯಾಕ ತಗದಿತ್ತು? ಏನೂ ಬರದಿಲ್ಲೇನ?"

"ಸಣ್ಣ ಹುಡುಗೂರ ಪುಸ್ತಕ ಐತಿದು."

"ಸಣ್ಣಾವ್ರಿಗೇ ಹೆಚ್ಚು ಹೇಳಬೇಕು. ದೊಡ್ಡಾವ್ರು ಹೆಂಗರ ತಿಳ್ಕೋತಾರ."

ಆಮೇಲೆ ಅವಳೇ ಹೇಳುವಳು. ಆ ಹಾಲು ಗೌಳಿಯರ ಓಣಿಯ ಒಬ್ಬ ಸೊಸೆಯದು, ಅತ್ತೆ ಊರಿಗೆ ಹೋಗಿದ್ದಳು, ಸೊಸೆ ಮುಚ್ಚಳ ತೆಗೆದಿಟ್ಟದ್ದು ಬೇಕೆಂದೇ, ಯಾಕೆಂದರೆ ಆ ಬೆಕ್ಕು ಬಸುರಿ. ಮೂರು ಸಾಲಿನ ಪುಸ್ತಕ ಸಂಜೆ ನಲ್ಲಿ ನೀರು ಬರುವ ತನಕ ಮುಗಿಯುತ್ತಿರಲಿಲ್ಲ. ಮುಂದಿನ ಭಾನುವಾರ ನಾನು ಪುಸ್ತಕ ಹಿಂದಕ್ಕೆ ಕೊಡುವಾಗ, ಮಾಸ್ತರಿಗೆ ಇದರಲ್ಲಿ ಇನ್ನೂ ಎಷ್ಟಿದೆಯೆಂದು ಗೊತ್ತೇ ಇಲ್ಲವಲ್ಲ ಅನ್ನಿಸಿ ಒಳಗೊಳಗೇ ಖುಷಿಯಾಗುತ್ತಿತ್ತು. ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು, ನಾನೀಗ ಇರುವುದು ಸೀವುಡ್ಸ್ ಎಂಬ ಬಡಾವಣೆಯಲ್ಲಿ. ಕಟ್ಟಡದ ಕೆಳಗಿನ ದೊಡ್ಡ ಕೋಣೆಯಲ್ಲಿ ಮಕ್ಕಳ ಗ್ರಂಥಾಲಯವಿದೆ. ಪ್ರತಿ ಪುಸ್ತಕದ ಬೆನ್ನಿಗೆ ಓದುವ ಮಟ್ಟ ಹೇಳುವ ಬಣ್ಣದ ಚುಕ್ಕೆ. ತಾಯಂದಿರು ನನ್ನನ್ನು ಹಿಡಿದು, ಆಂಟಿ, ನಮ್ಮವನಿಗೆ ಎಂಟು ವರ್ಷ, ಹಳದಿ ಕೊಡಲೋ ಹಸಿರು ಕೊಡಲೋ ಎನ್ನುತ್ತಾರೆ. ಯಾರಿಗೆ ಓದಿ ಹೇಳುತ್ತಾನೆ ಎಂದು ನಾನು ಕೇಳುತ್ತೇನೆ. ಪ್ರಶ್ನೆ ನನಗೆ ತಿಳಿಯಲಿಲ್ಲವೆಂದುಕೊಂಡು ಅವರು ಇನ್ನೊಮ್ಮೆ, ಹಿಂದಿಯಲ್ಲಿ ಕೇಳುತ್ತಾರೆ.

ಒಂದು ಮಳೆಗಾಲ ಕಳೆಯುವುದರೊಳಗೆ ಮಾಸ್ತರ ಮುಷ್ಟಿ ಮುಚ್ಚುವುದು ತಡವಾಗತೊಡಗಿತು. ಶಿಶು ದಾಟಿ ಬಾಲಕ್ಕೆ ಬಂದೆ, ಬಾಲ ದಾಟಿ ಕಿಶೋರಕ್ಕೆ. ಪುಸ್ತಕ ದಪ್ಪವಾದಂತೆ ಆಯಿಯ ತಕರಾರು ಕಡಿಮೆಯಾಯಿತು. ಒಮ್ಮೆ ಒಂದು ಕಥೆಯ ನಡುವೆ ಬಹಳ ಹೊತ್ತು ಏನೂ ಕೇಳದೆ ಕೂತಿದ್ದು, "ಇದನ್ನ ಬರದಾವ ಆ ಮನ್ಯಾಗ ಕುಂತು ನೋಡಿ ಬರದಾನ ಬಿಡು," ಎಂದಳು. ಅವಳು ಪುಸ್ತಕಕ್ಕೆ ಕೊಟ್ಟ ದೊಡ್ಡ ಬಹುಮಾನ ಅದು. ನಾಲ್ಕನೇ ಕಪಾಟಿನ ಕಡೆಗೆ ಮಾತ್ರ ನಾನು ಹೋಗುತ್ತಿರಲಿಲ್ಲ. ಪ್ರೌಢ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಶಾಲೆಯಲ್ಲೇ ಸಂಜೆ ಹೊತ್ತು ತಲೆ ನೆರೆತ ಹೆಂಗಸರು, ಬೀಡಿ ಆರಿಸಿ ಕಿವಿಗಿಟ್ಟುಕೊಂಡ ಗಂಡಸರು ಪಾಟಿ ಹಿಡಿದು ಬರುತ್ತಿದ್ದರು. ಅವರ ಕೋಣೆಯ ಬಾಗಿಲಿಗೆ ಮರಾಠಿಯಲ್ಲಿ ಬರೆದಿತ್ತು: ಪ್ರೌಢ ಸಾಕ್ಷರತಾ ವರ್ಗ. ಅಂದಮೇಲೆ ಆ ಕಪಾಟು ದೊಡ್ಡವರದು. ಸುಮನಾ ಕೆಲವು ಸಲ ಅದರಿಂದ ಪುಸ್ತಕ ತೆಗೆಯುವುದನ್ನು ನೋಡಿದ್ದೆ. ಮನೆಯಲ್ಲಿ ಅವರಮ್ಮನಿಗೆ ಒಯ್ಯುತ್ತಾಳೆ ಎಂದುಕೊಂಡಿದ್ದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಊರಿನಿಂದ ಫೋನು ಬಂತು. ಅವ್ವನಿಗೆ ದಿನ ತುಂಬುತ್ತಿದ್ದವು. ಬಾಣಂತನಕ್ಕೆ ಯಾರೂ ಇರಲಿಲ್ಲ. ಆಯಿ ಹೊರಟಳು. ನನ್ನ ಪರೀಕ್ಷೆ ಹತ್ತಿರವಿತ್ತು, ಅಪ್ಪನಿಗೆ ರೊಟ್ಟಿ ಮಾಡುವವರೂ ಬೇಕಿತ್ತು. ಪ್ಲಾಟ್‌ಫಾರ್ಮಿನಲ್ಲಿ ಆಯಿ ಗಂಟಿನ ಮೇಲೆ ಕೂತು ನನ್ನ ಎರಡೂ ಅಂಗೈ ತಿರುಗಿಸಿ ನೋಡಿದಳು, ರೊಟ್ಟಿ ಬಡಿಯಲು ಸಾಕಾದಾವೇನೋ ಎಂಬಂತೆ.

"ಹಿಟ್ಟಿಗೆ ಕುದಿಯೋ ನೀರು ಹಾಕು. ಇಲ್ಲಂದ್ರ ಹರೀತಾವ."

"ಹೂಂ."

"ಕೂಸಿಗೆ ಐದು ತಿಂಗಳಾಗಲಿ, ಬಂದಬಿಡ್ತೀನಿ."

ಬರಲಿಲ್ಲ. ಕೂಸಿಗೆ ಐದು ತಿಂಗಳಾಗುವ ಮೊದಲೇ ಆಯಿಯ ಮೊಣಕಾಲು ಕೂತುಬಿಟ್ಟವು. ಸ್ಟೇಷನ್ನಿನ ಆ ಸೇತುವೆ ಹತ್ತುವುದು ಇನ್ನು ಆಗದ ಮಾತು ಎಂದು ಅವ್ವ ಫೋನಿನಲ್ಲಿ ಹೇಳಿದಳು. ಆಯಿಗೆ ಫೋನ್ ಕೊಟ್ಟರೆ ಅವಳು ಕಿರುಚುತ್ತಿದ್ದಳು, ನಾನು ಅಪ್ಪನಿಗೆ ಎಚ್ಚರವಾದೀತೆಂದು ಪಿಸುಗುಡುತ್ತಿದ್ದೆ. ಅವಳಿಗೆ ನನ್ನ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಮನೆ ಎಷ್ಟು ಸುಮ್ಮನಾಯಿತೆಂದರೆ, ಅಪ್ಪ ಮಲಗಿದ್ದಾನೋ ಇಲ್ಲವೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ. ನನ್ನ ರೊಟ್ಟಿ ಹರಿಯುತ್ತಿದ್ದವು. ಅಪ್ಪ ಚೂರುಗಳನ್ನೇ ಜೋಡಿಸಿಕೊಂಡು ತಿಂದು, ಗೋಡೆಯ ಕಡೆ ತಿರುಗುತ್ತಿದ್ದ. ಪುಸ್ತಕ ತಂದರೆ ಅದೇ ಜಾಗದಲ್ಲಿ, ಮೋರಿಯ ಪಕ್ಕ ಕೂತು, ಅಷ್ಟೇ ಸಣ್ಣ ದನಿಯಲ್ಲಿ ಓದುತ್ತಿದ್ದೆ. ನನಗೆ ಬೇರೆ ಥರ ಓದಲು ಬರುತ್ತಿರಲಿಲ್ಲ. ನಾನು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, ಯಾರ ಹತ್ತಿರ ಮಾತಾಡುತ್ತೀಯ ಎಂದಳು. ಒಲೆಯ ಮೇಲಿನ ಹಂಚು ನೋಡಿ, "ದೊಡ್ಡವಳಾದೆ ನೀನು, ಇನ್ನು ಈ ಮನೆ ನಿನ್ನದೇ," ಎಂದೂ ಸೇರಿಸಿದಳು.

ಅದರ ಮುಂದಿನ ಭಾನುವಾರವೇ ಇರಬೇಕು. ಕಿಶೋರದ ಕಪಾಟಿನಿಂದ, ಆಗಲೇ ಓದಿ ಮುಗಿಸಿದ್ದ ಪುಸ್ತಕವನ್ನು ಇನ್ನೊಮ್ಮೆ ತೆಗೆದುಕೊಳ್ಳಲು ಕೈ ಚಾಚಿದ್ದೆ. ಉಪಾಧ್ಯ ಮಾಸ್ತರು ಒಂದು ಅಳುವ ಮಗುವನ್ನು ಸಮಾಧಾನ ಮಾಡುತ್ತಿದ್ದವರು ಅಲ್ಲಿಂದಲೇ ಹೇಳಿದರು:

"ಏ ಹುಡುಗಿ, ಆ ಕಪಾಟು ಸಾಕು ನಿಂಗೆ. ಇನ್ನು ಅದಕ್ಕೆ ಕೈ ಹಾಕ್ಬೇಡ. ನೀನೀಗ ಪ್ರೌಢ."

ಅವರು ಬೈದಿರಲಿಲ್ಲ, ನಗುತ್ತಲೇ ಹೇಳಿದ್ದರು. ನಾನು ಚಾಚಿದ ಕೈ ಹಿಂದಕ್ಕೆ ತೆಗೆದೆ. ಕಾಕು ಹೇಳಿದ್ದನ್ನೇ ಇವರೂ ಹೇಳಿದರು. ನನ್ನ ಕೈಯಲ್ಲಿ ಹಿಟ್ಟಿನ ವಾಸನೆ ಬಂದಿತೇನೋ. ಮಕ್ಕಳ ಪುಸ್ತಕದ ಕೋಣೆಯಲ್ಲಿ ಮನೆ ನಡೆಸುವ ಹೆಂಗಸಿಗೇನು ಕೆಲಸ ಎಂದು ಹದಿಮೂರು ವರ್ಷದ ನಾನು ಪೂರ್ತಿ ಒಪ್ಪಿಕೊಂಡು ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಅಳಲಿಲ್ಲ. ಪ್ರೌಢರು ಬಸ್ಸಿನಲ್ಲಿ ಅಳುವುದನ್ನು ನಾನು ನೋಡಿರಲಿಲ್ಲ. ಆಮೇಲೆ ಎಷ್ಟೋ ಭಾನುವಾರ ನಾನು ಮನೆಯಲ್ಲೇ ಉಳಿದೆ. ಅಪ್ಪ ಯಾಕೆಂದು ಕೇಳಲಿಲ್ಲ. ಮಧ್ಯಾಹ್ನ ಮನೆಗೆಲಸ ಮುಗಿದ ಮೇಲೆ ಕ್ಯಾಲೆಂಡರಿನ ಮುಂದೆ ನಿಂತು, ಬಾಯಿಪಾಠವಾಗಿದ್ದ ತಿಥಿಗಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುತ್ತಿದ್ದೆ. ಮಾತಾಡದೆ ಇದ್ದು ಇದ್ದು, ಒಂದು ದಿನ ಶಾಲೆಯಲ್ಲಿ ಹಾಜರಿ ಕೂಗಿದಾಗ ನನ್ನ ದನಿ ಒಡೆದು ಹೊರಬಂತು; ಮುಂದಿನ ಬೆಂಚಿನವರು ತಿರುಗಿ ನೋಡಿದರು.

ಒಂದು ಬೆಳಿಗ್ಗೆ ರೊಟ್ಟಿ ಪೂರ್ತಿ ಸೀದುಹೋಯಿತು. ಅಪ್ಪ ಬರುವ ಹೊತ್ತು. ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಇಡ್ಲಿ ಕಟ್ಟಿಸಿಕೊಳ್ಳಲು ಓಡಿದೆ. ಗಲ್ಲಾದಲ್ಲಿ ಕೂತವರ ಪಕ್ಕ, ಎತ್ತರದ ಸ್ಟೂಲಿನ ಮೇಲೆ ಕಾಲಾಡಿಸುತ್ತ ಸುಮನಾ ಕೂತಿದ್ದಳು. ಅದು ಅವಳ ಅಪ್ಪ ಕೆಲಸ ಮಾಡುವ ಹೋಟೆಲು ಎಂದು ನನಗೆ ತಿಳಿದಿರಲಿಲ್ಲ.

"ಅರೆ, ನೀನು. ಲೈಬ್ರರಿಗೆ ಯಾಕೆ ಬರ್ತಾ ಇಲ್ಲ? ಬೋರ್ ಆಗ್ತದೆ ಅಲ್ಲಿ, ಬರೀ ಸಣ್ಣ ಸಣ್ಣ ಪೋರಗಳು."

"ಮಾಸ್ತರು ಬರಬ್ಯಾಡ ಅಂದಾರ."

"ಮಾಮ ಹಾಗೆ ಹೇಳುದೇ ಇಲ್ಲ. ಎಂತ ಹೇಳಿದ್ದು, ಸರಿ ಹೇಳು."

"ನೀ ಈಗ ಪ್ರೌಢ ಅಂದ್ರು."

"ಹಾಂ, ಮತ್ತೆ? ನಾನೂ ಪ್ರೌಢ."

ನಾನು ಅವಳನ್ನು ಮೇಲಿಂದ ಕೆಳಗೆ ನೋಡಿದೆ. ಎರಡು ಜಡೆ, ಮೊಣಕಾಲಿನ ಮೇಲೆ ಕಿತ್ತುಹೋದ ಬ್ಯಾಂಡೇಜು.

"ನಿಮ್ಮ ಮನ್ಯಾಗ ಅಡಗಿ ಯಾರು ಮಾಡ್ತಾರ?" ಎಂದು ಕೇಳಿದೆ.

"ಅಮ್ಮ. ಯಾಕೆ?"

"ಮತ್ತ ನೀ ಹೆಂಗ ಪ್ರೌಢ? ತಲಿ ಬೆಳ್ಳಗಾದಾವ್ರು, ಪಾಟಿ ಹಿಡ್ಕೊಂಡು ನಮ್ಮ ಸಾಲಿಗೆ ಬರೋರು, ಅವ್ರಲ್ಲೇನು ಪ್ರೌಢ?"

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕ ನಗುವಿಗೆ ಸ್ಟೂಲಿನಿಂದ ಬೀಳಬೇಕಿತ್ತು; ಅವಳ ಅಪ್ಪ ಚಿಲ್ಲರೆ ಕೊಡುತ್ತಿದ್ದ ಕೈಯಿಂದಲೇ ಹಿಡಿದುಕೊಂಡರು.

"ಅದು ಮರಾಠಿ ಪ್ರೌಢ ಮಾರಾಯ್ತಿ. ಕನ್ನಡದಲ್ಲಿ ಪ್ರೌಢ ಅಂದ್ರೆ ಹೈಸ್ಕೂಲು. ಎಂಟ್ನೇ, ಒಂಬತ್ನೇ. ಪ್ರೌಢಶಾಲೆ ಕೇಳ್ಲಿಲ್ವಾ? ನೀನು ಪಾಸಾಗಿದ್ದು, ಔಟ್ ಆಗಿದ್ದಲ್ಲ."

ಪ್ರೌಢಶಾಲೆ ಎಂಬ ಮಾತನ್ನು ನಾನು ಎಲ್ಲಿ ಕೇಳಬೇಕಿತ್ತು. ಆಯಿಗೆ ಶಾಲೆಯೇ ಗೊತ್ತಿರಲಿಲ್ಲ. ಅವಳು ನನಗೆ ಕೊಟ್ಟ ಕನ್ನಡದಲ್ಲಿ ಬೀಸುವ ಕಲ್ಲಿನ ಒಂದೊಂದು ಭಾಗಕ್ಕೂ ಹೆಸರಿತ್ತು, ಹುಡುಗಿಯೊಬ್ಬಳು ಓದಿ ಓದಿ ತಲುಪುವ ಜಾಗಕ್ಕೆ ಹೆಸರಿರಲಿಲ್ಲ. ಇಡ್ಲಿಯ ಪೊಟ್ಟಣ ಕೈ ಸುಡುತ್ತಿತ್ತು. ಇದನ್ನು ಮೊದಲು ಆಯಿಗೆ ಹೇಳಬೇಕು ಅನ್ನಿಸಿತು, ಮನೆಯಲ್ಲಿ ಆಯಿ ಇಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು.

ಆ ಭಾನುವಾರ ಹೋದಾಗ ಉಪಾಧ್ಯ ಮಾಸ್ತರು ಸ್ಟೂಲಿನಿಂದ ಎದ್ದರು. ಸುಮನಾ ಎಲ್ಲ ಹೇಳಿಬಿಟ್ಟಿದ್ದಳೆಂದು ಅವರ ಮುಖದಲ್ಲೇ ಇತ್ತು. ನಾಲ್ಕನೇ ಕಪಾಟು ತೆರೆದು, ಬಹಳ ಹೊತ್ತು ಹುಡುಕಿ, ಚಿತ್ರವೇ ಇಲ್ಲದ ಒಂದು ಪುಸ್ತಕ ತೆಗೆದರು. ಸಮುದ್ರದ ನಡುಗಡ್ಡೆಯಲ್ಲಿ ದೀಪಸ್ತಂಭದ ದೀಪ ಕಾಯುವವನ ಮಗಳ ಕಥೆ. ನಾನು ಮೊದಲ ಪುಟ ಬಿಚ್ಚಿ, ಅವರ ಕೈ ನೋಡುತ್ತ, ಗಟ್ಟಿಯಾಗಿ ಓದಲು ಬಾಯಿ ತೆರೆದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಪ್ರೌಢರನ್ನು ಓದಿಸಿ ನೋಡುವ ಕ್ರಮ ಇಲ್ಲ. ಮನಸ್ಸಿನಲ್ಲೇ ಓದು."

ಸುಮನಾ ಕಿಟಕಿಯ ಹತ್ತಿರ ಸರಿದು ಜಾಗ ಕೊಟ್ಟಳು. ಅವಳ ಪಕ್ಕ ಕೂತು ಅವಳನ್ನೇ ನೋಡಿದೆ. ತುಟಿ ಅಲುಗುತ್ತಿರಲಿಲ್ಲ, ಕಣ್ಣು ಮಾತ್ರ ಓಡುತ್ತಿತ್ತು. ನಾನು ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದು ಪ್ರಯತ್ನಿಸಿದೆ. ಅಕ್ಷರಗಳು ಕಂಡವು, ದನಿ ಇಲ್ಲದ ಅವು ಯಾರದೋ ಮಾತಿನ ಹಾಗಿದ್ದವು. ಮನೆಗೆ ತಂದು ಒಂದು ವಾರ ಮೋರಿಯ ಪಕ್ಕ ಕೂತು ಅದನ್ನೇ ಮಾಡಿದೆ. ನಾಲ್ಕು ಸಾಲು ಮನಸ್ಸಿನಲ್ಲಿ, ಐದನೆಯದು ಮತ್ತೆ ಪಿಸುದನಿಯಲ್ಲಿ. ಆಮೇಲೆ ಒಂದು ಮಧ್ಯಾಹ್ನ ಬಿರುಗಾಳಿಗೆ ದೀಪದ ಗಾಜು ಒಡೆಯಿತು, ದೀಪ ಕಾಯುವವ ದೋಣಿಯಲ್ಲಿ ಹೋಗಿದ್ದಾನೆ, ಅವನ ಮಗಳೊಬ್ಬಳೇ ಮೆಟ್ಟಿಲು ಹತ್ತುತ್ತಿದ್ದಾಳೆ, ನಾನು ಪುಟದ ಮೇಲೆ ಪುಟ ಮಗುಚುತ್ತಿದ್ದೇನೆ, ನನ್ನ ತುಟಿ ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಕೋಣೆಯಲ್ಲಿ ಒಂದು ಸದ್ದಿಲ್ಲ. ಹುಟ್ಟಿದಾಗಿನಿಂದ ಒಬ್ಬಳೇ ಇದ್ದೂ ಒಂಟಿ ಅನ್ನಿಸದ ಹೊತ್ತು ಅದೇ ಮೊದಲು.

ಗೋಡೆಯ ಕಡೆಯಿಂದ ಅಪ್ಪನ ದನಿ ಬಂತು. ಅವನು ಮುಖ ತಿರುಗಿಸಿರಲಿಲ್ಲ.

"ಯಾಕವಾ, ಓದೂದು ಬಿಟ್ಟಿಯೇನು?"

"ಇಲ್ಲಪ್ಪಾ. ಓದಾಕತ್ತೀನಿ."

"ಕೇಳಸವಲ್ದಲ್ಲ."

ಅವನ ಬೆನ್ನನ್ನೇ ನೋಡಿದೆ. ಆ ಬೆನ್ನು ಇಷ್ಟು ವರ್ಷ ಮಲಗಿದೆ ಎಂದು ನಾನೂ ಆಯಿಯೂ ನಂಬಿದ್ದೆವು. ಕಥೆಯ ಅರ್ಧ ಆಗಿಹೋಗಿತ್ತು. ಮೊದಲಿನಿಂದ ಓದಲೇನಪ್ಪಾ ಎಂದು ಕೇಳಿದೆ. ಬ್ಯಾಡ, ಎಲ್ಲಿದ್ದೀಯೋ ಅಲ್ಲಿಂದ ಓದು ಎಂದ. ಹುಡುಗಿ ಇನ್ನೂ ಮೆಟ್ಟಿಲ ಮೇಲಿದ್ದಳು. ಅವಳು ಯಾರು, ಯಾಕೆ ಹತ್ತುತ್ತಿದ್ದಾಳೆ ಎಂದು ಅವನು ಕೇಳಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಪಿಸುಗುಡದೆ, ಪಕ್ಕದ ಮನೆಗೂ ಕೇಳುವಷ್ಟು ದನಿಯಲ್ಲಿ ಓದಿದೆ.